ಪಲ್ಪ್ ಹೀರೋಗಳ ಅಭಿಮಾನಿ ಪತ್ರಿಕೆಯ ಮೊದಲ ಸಂಚಿಕೆಗಳಿಗೆ ಯಾಕಷ್ಟು ಬೆಲೆ?

ಪಲ್ಪ್ ಅಂದರೆ ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದ ಕಥಾಪತ್ರಿಕೆ. ಅಮೆರಿಕದ ‘ಬ್ರಾಂಜ್ ಶ್ಯಾಡೋಸ್’ ಅನ್ನೋ ಅಭಿಮಾನಿ ಪತ್ರಿಕೆ ನೋಡಿದರೆ ಉತ್ತರ ಗೊತ್ತಾಗುತ್ತದೆ. ಫ್ರೆಡ್ ಕುಕ್ 1965ರಲ್ಲಿ ಶುರು ಮಾಡಿದರು, 1968ರಲ್ಲಿ ನಿಂತಿತು, ಬಂದದ್ದು 15 ಸಂಚಿಕೆ ಅಷ್ಟೇ. ಹೆಸರಲ್ಲೇ ಇಬ್ಬರು ಹೀರೋಗಳಿದ್ದಾರೆ: ಕಂಚಿನ ಮೈಬಣ್ಣದ ಡಾಕ್ ಸ್ಯಾವೇಜ್, ಕತ್ತಲಲ್ಲಿ ಓಡಾಡುವ ಶ್ಯಾಡೋ. ಇಬ್ಬರ ಮೂಲ ಪತ್ರಿಕೆಗಳೂ 1949ರಲ್ಲೇ ಮುಚ್ಚಿದ್ದವು. 1964ರಿಂದ ಬ್ಯಾಂಟಮ್ ಪ್ರಕಾಶನದವರು ಡಾಕ್ ಕಥೆಗಳನ್ನು ಪೇಪರ್‌ಬ್ಯಾಕ್ ಆಗಿ ಮತ್ತೆ ತಂದಾಗ ಹೊಸ ಓದುಗರು ಸೇರಿಕೊಂಡರು.

ಅವರಿಗೆ ಒಂದು ಒಗಟಿತ್ತು. ಡಾಕ್ ಪುಸ್ತಕಗಳ ಮುಖಪುಟದಲ್ಲಿ ಲೇಖಕರ ಹೆಸರು ಕೆನೆತ್ ರೋಬ್ಸನ್ ಅಂತಿರುತ್ತಿತ್ತು, ಆದರೆ ಅಂಥ ಮನುಷ್ಯನೇ ಇರಲಿಲ್ಲ, ಅದು ಪ್ರಕಾಶಕರು ಇಟ್ಟ ಹೆಸರು, ಹೆಚ್ಚಿನ ಕಥೆ ಬರೆದವರು ಲೆಸ್ಟರ್ ಡೆಂಟ್. ಶ್ಯಾಡೋ ಕಥೆಗಳೂ ಹಾಗೇ, ಮ್ಯಾಕ್ಸ್‌ವೆಲ್ ಗ್ರಾಂಟ್ ಹೆಸರಿನ ಹಿಂದೆ ಬಹುಪಾಲು ವಾಲ್ಟರ್ ಗಿಬ್ಸನ್, ಉಳಿದದ್ದು ಬೇರೆಯವರು. ಶ್ಯಾಡೋ ಪತ್ರಿಕೆಯ 325 ಸಂಚಿಕೆಗಳಲ್ಲಿ ಯಾವುದು ಯಾರದ್ದು ಅಂತ ಹುಡುಕೋದು ಸುಮ್ನೆ ಆಗುವ ಕೆಲಸ ಅಲ್ಲ, ಅಲ್ವಾ?

ಅಭಿಮಾನಿ ಪತ್ರಿಕೆಗಳು ಮಾಡಿದ್ದು ಅದನ್ನೇ: ಕಥೆಗಳ ಪಟ್ಟಿ, ಲೇಖಕರ ಪತ್ತೆ, ಓದುಗರ ಪತ್ರ. ಪಲ್ಪ್ ಕಾಗದವಂತೂ ಅಗ್ಗದ್ದು, ಹಳದಿಯಾಗಿ, ಪುಟ ತಿರುವಿದರೆ ಅಂಚು ಹಪ್ಪಳದ ಹಾಗೆ ಮುರಿಯುತ್ತದೆ. ಅದು ಪುಡಿಯಾಗುವ ಮೊದಲೇ ಇವರು ಕೂತು ಓದಿ ಬರೆದಿಟ್ಟರು. ನನಗಂತೂ ಆ ಪಟ್ಟಿಗಳೇ ಜಾಸ್ತಿ ಇಷ್ಟ.