ಮಲ್ಪೆಯ ಚರುಂಬುರಿ ಗಾಡಿಗೆ ಸ್ವನಿಧಿ ಸಾಲ

ಮಲ್ಪೆ ಬೀಚಿನಲ್ಲಿ ಚರುಂಬುರಿ ಗಾಡಿ ಇದೆ, ವ್ಯಾಪಾರಿ ಗುರುತಿನ ಚೀಟಿ ಇಲ್ಲ, ಕೊರೊನಾ ಕಾಲದ ಸಾಲ ಈಗಲೂ ಸಿಗುತ್ತದಾ ಎಂದು ಕೇಳಿದ್ದೀರಿ. ಸಿಗುತ್ತದೆ. 2020ರ ಜೂನ್‌ನಲ್ಲಿ ಶುರುವಾದ, ಬೀದಿ ಬದಿ ವ್ಯಾಪಾರಿಗಳಿಗೆ ಸಾಲ ಕೊಡುವ ಕೇಂದ್ರದ ಯೋಜನೆ ಪಿಎಂ ಸ್ವನಿಧಿಯನ್ನು 2030ರ ಮಾರ್ಚ್‌ವರೆಗೆ ವಿಸ್ತರಿಸಿದ್ದಾರೆ. ಮೊದಲ ಸಾಲ 10,000 ರೂಪಾಯಿ ಇದ್ದದ್ದು 15,000 ಆಗಿದೆ, ಜಾಮೀನು ಬೇಡ.

ಚೀಟಿ ಇಲ್ಲದವರಿಗೆ ಉಡುಪಿ ನಗರಸಭೆಯ ಶಿಫಾರಸು ಪತ್ರ ಬೇಕು. ಬಿಳಿ ಹಾಳೆಯಲ್ಲಿ ಅರ್ಜಿ ಕೊಟ್ಟರೂ ಸ್ಥಳ ಪರಿಶೀಲನೆ ಮಾಡುತ್ತಾರೆ. ವ್ಯಾಪಾರಿ ಸಂಘದ ಸದಸ್ಯತ್ವ ಇದ್ದರೆ ಅದನ್ನೂ ಲಗತ್ತಿಸಿ. ಹೋಗುವ ಮೊದಲು ಆಧಾರ್‌ಗೆ ಈಗಿನ ಮೊಬೈಲ್ ನಂಬರ್ ಜೋಡಿಸಿಕೊಳ್ಳಿ. ಹಳೆಯ ನಂಬರ್ ಇದ್ದರೆ ಒಟಿಪಿ ಬರುವುದಿಲ್ಲ, ಅರ್ಜಿ ಅಲ್ಲೇ ನಿಲ್ಲುತ್ತದೆ.

ಬಡ್ಡಿಯ ವಿಷಯದಲ್ಲಿ ಮೋಸ ಹೋಗಬೇಡಿ. ಸರ್ಕಾರ ಕೊಡುವ ಶೇ. 7 ಬಡ್ಡಿ ಸಹಾಯಧನವನ್ನು ಬ್ಯಾಂಕ್ ಮೊದಲೇ ಕಳೆಯುವುದಿಲ್ಲ. ನೀವು ಬಡ್ಡಿ ಪೂರ್ತಿ ಕಟ್ಟಬೇಕು, ಸಹಾಯಧನ ಆಮೇಲೆ ಖಾತೆಗೆ ಬರುತ್ತದೆ. ಕಂತು ಕಟ್ಟದೆ ಸಾಲ ಎನ್‌ಪಿಎ (ಬ್ಯಾಂಕಿನ ಲೆಕ್ಕದಲ್ಲಿ ಸುಸ್ತಿ ಸಾಲ) ಆದರೆ ಸಹಾಯಧನವೂ ಹೋಯಿತು.

12 ಕಂತಿನಲ್ಲಿ ತೀರಿಸುವುದಾದರೆ ತಿಂಗಳಿಗೆ ಅಸಲೇ 1,250. ಮಳೆಗಾಲದಲ್ಲಿ ಬೀಚಿಗೆ ಜನ ಬರದಿದ್ದಾಗ ಅದು ಭಾರ. ಹಾಗಾಗಿ ಸಾಲವನ್ನು ಅಕ್ಟೋಬರ್‌ನಲ್ಲಿ ತೆಗೆದುಕೊಳ್ಳುವುದೇ ಸರಿ: ಮೇ ಒಳಗೆ ಎಂಟು ತಿಂಗಳ ವ್ಯಾಪಾರ ಸಿಗುತ್ತದೆ, ಅವಧಿಗೆ ಮುಂಚೆ ತೀರಿಸಿದರೆ ದಂಡವೂ ಇಲ್ಲ.