ಹೋಗುವಾಗ ವಿಮಾನ, ಬರುವಾಗ ಕುದುರೆ

ನೀವು ಕೇಳಿದ್ದು ಇಷ್ಟು: ಅಮೆರಿಕದ ಐಡಾಹೊ ರಾಜ್ಯದ ಫ್ರಾಂಕ್ ಚರ್ಚ್ ಕಾಡಿನಲ್ಲಿ ಐದಾರು ದಿನ ಸುತ್ತಬೇಕು. ಕುದುರೆ ಸವಾರಿ ಗೊತ್ತಿಲ್ಲ, ಸಣ್ಣ ವಿಮಾನ ಅಂದರೆ ಭಯ. ಎರಡರಲ್ಲಿ ಯಾವುದು ವಾಸಿ?

ನಾನು ಒಂದೇ ಸಲಕ್ಕೆ ಎರಡೂ ಮಾಡಿ ಬಂದವನು. ಹೋಗುವಾಗ ವಿಮಾನ, ಬರುವಾಗ ಕುದುರೆ. ನಿಮಗೂ ಅದನ್ನೇ ಹೇಳುತ್ತೇನೆ. ಉಲ್ಟಾ ಮಾತ್ರ ಮಾಡಬೇಡಿ.

ಮೊದಲು ಆ ಕಾಡು ಎಂಥದ್ದು ಅಂತ ಗೊತ್ತಿರಲಿ. 23 ಲಕ್ಷ ಎಕರೆಗೂ ಜಾಸ್ತಿ. ಅಲಾಸ್ಕಾ ಬಿಟ್ಟರೆ ಅಮೆರಿಕದಲ್ಲಿ ಒಂದೇ ತುಂಡಾಗಿ ಇಷ್ಟು ದೊಡ್ಡ ಸಂರಕ್ಷಿತ ಕಾಡು ಇನ್ನೊಂದಿಲ್ಲ. ನಡುವೆ ಸಾಲ್ಮನ್ ನದಿ ಹರಿಯುತ್ತದೆ. ಅದಕ್ಕೆ 'ಮರಳಿ ಬಾರದ ನದಿ' ಅಂತ ಅಡ್ಡಹೆಸರು. ಹಿಂದೆಲ್ಲ ದೋಣಿಗಳು ಪ್ರವಾಹದ ಜೊತೆ ಕೆಳಗೆ ಹೋಗುತ್ತಿದ್ದವು, ವಾಪಸ್ ಮೇಲೆ ಬರಲು ಆಗುತ್ತಿರಲಿಲ್ಲ. 1805ರ ಆಗಸ್ಟಿನಲ್ಲಿ, ಪೆಸಿಫಿಕ್ ಸಮುದ್ರಕ್ಕೆ ದಾರಿ ಹುಡುಕುತ್ತ ಹೊರಟಿದ್ದ ಲೂಯಿಸ್ ಮತ್ತು ಕ್ಲಾರ್ಕ್ ತಂಡ ಇಲ್ಲಿಗೆ ಬಂದಾಗ ಕ್ಲಾರ್ಕ್ ಈ ನದಿಯನ್ನು ಸ್ವಲ್ಪ ದೂರ ನೋಡಿ, ಇದು ನಮ್ಮ ಕೈಲಾಗದು ಅಂತ ಹಿಂದೆ ತಿರುಗಿದ. ಆಮೇಲೆ ಅಲ್ಲಿನ ಮೂಲನಿವಾಸಿಗಳಾದ ಶೊಶೋನಿ ಜನರಿಂದ ಕುದುರೆ ಕೊಂಡು ಬೇರೆ ದಾರಿ ಹಿಡಿದರು. ಅಂದರೆ ನಿಮ್ಮ ಪ್ರಶ್ನೆ ಇನ್ನೂರು ವರ್ಷ ಹಳೆಯದು. ಅವರಿಗೆ ವಿಮಾನ ಇರಲಿಲ್ಲ, ಅಷ್ಟೇ.

ಇಂಥ ಕಾಡುಗಳಿಗೆ 1964ರ ಕಾನೂನು ಇದೆ. ಯಂತ್ರ ಅನ್ನುವುದೇ ಕೂಡದು. ಸೈಕಲ್ ಕೂಡ ತರುವಂತಿಲ್ಲ. ದಾರಿಗೆ ಮರ ಬಿದ್ದರೆ ಅರಣ್ಯ ಇಲಾಖೆಯವರೇ ಕೈಗರಗಸ ಹಿಡಿದು ಕುಯ್ಯುತ್ತಾರೆ. ಹಾಗಾದರೆ ವಿಮಾನ ಹೇಗೆ ಅಂತ ನನಗೂ ಅನುಮಾನ ಬಂದಿತ್ತು. 1980ರಲ್ಲಿ ಈ ಕಾಡನ್ನು ಘೋಷಿಸಿದಾಗ, ಆಗಲೇ ಬಳಕೆಯಲ್ಲಿದ್ದ ಹುಲ್ಲಿನ ರನ್‌ವೇಗಳನ್ನು ಹಾಗೇ ಉಳಿಸಿಕೊಂಡರು. ರಾಜ್ಯ ಸರ್ಕಾರ ಬರವಣಿಗೆಯಲ್ಲಿ ಒಪ್ಪದೆ ಅವನ್ನು ಮುಚ್ಚುವಂತಿಲ್ಲ ಅಂತ ಕಾನೂನಿನಲ್ಲೇ ಬರೆದರು. ಹಾಗಾಗಿ ಸೈಕಲ್‌ಗೆ ಪ್ರವೇಶ ಇಲ್ಲ, ವಿಮಾನಕ್ಕೆ ಇದೆ. ತಮಾಷೆ ಅಲ್ವಾ?

ಈಗ ವಿಮಾನದ ವಿಷಯ. ನಾವು ಹೊರಟಿದ್ದು ಮೆಕಾಲ್ ಊರಿಂದ, ಸೆಸ್ನಾ 206ರಲ್ಲಿ. ಒಂದೇ ಎಂಜಿನ್, ಪೈಲಟ್ ಸೇರಿ ಆರು ಸೀಟು. ಬುಕ್ ಮಾಡುವಾಗ ತೂಕ ಕೇಳಿದ್ದರು. ನಾನು ಸುಮ್ನೆ ನಾಲ್ಕು ಕಿಲೋ ಕಡಿಮೆ ಹೇಳಿದ್ದೆ. ಬೆಳಿಗ್ಗೆ ಆರು ಗಂಟೆಗೆ ಹೋದರೆ ಶೆಡ್ಡಿನಲ್ಲಿ ಅಕ್ಕಿಮೂಟೆ ತೂಗುವಂಥ ತಕ್ಕಡಿ! ಬೂಟು, ಜಾಕೆಟ್ಟು, ಕೈಚೀಲದ ಸಮೇತ ನಿಲ್ಲಿಸಿದರು. ಪೈಲಟ್ ಮುಳ್ಳು ನೋಡಿದರು, ಕೈಯಲ್ಲಿದ್ದ ಹಾಳೆ ನೋಡಿದರು, ಏನೂ ಹೇಳದೆ ಹಳೆ ಅಂಕಿ ಹೊಡೆದು ಹೊಸದು ಬರೆದರು. ನನ್ನ ಗಟ್ಟಿ ಸೂಟ್‌ಕೇಸ್ ಅಲ್ಲೇ ಉಳಿಯಿತು. ಮೆತ್ತಗಿನ ಬಟ್ಟೆ ಚೀಲವಾದರೆ ಎಲ್ಲಿ ಬೇಕಾದರೂ ತುರುಕಬಹುದು, ಪೆಟ್ಟಿಗೆಯನ್ನು ಆಗದು.

ತೂಕದ ಬಗ್ಗೆ ಇಷ್ಟು ಹಟ ಯಾಕೆ ಅಂತ ಆಮೇಲೆ ಗೊತ್ತಾಯಿತು. ನಾವು ಇಳಿಯಬೇಕಿದ್ದ ಚೇಂಬರ್ಲೇನ್ ಬಯಲು ಸಮುದ್ರಮಟ್ಟದಿಂದ ಸುಮಾರು 5,700 ಅಡಿ ಮೇಲಿದೆ. ಎತ್ತರದಲ್ಲಿ ಗಾಳಿ ತೆಳು. ಬಿಸಿಲೇರಿದರೆ ಇನ್ನೂ ತೆಳು. ಅಲ್ಲಿ ಮಧ್ಯಾಹ್ನ 30 ಡಿಗ್ರಿ ಸೆಲ್ಸಿಯಸ್ ಆದರೆ ವಿಮಾನದ ಪಾಲಿಗೆ ಅದು ಸುಮಾರು 9,000 ಅಡಿಯಲ್ಲಿ ಹಾರಿದ ಹಾಗೆ. ರೆಕ್ಕೆಗೂ ಹಿಡಿತ ಸಾಲದು, ಎಂಜಿನ್ನಿಗೂ ಉಸಿರು ಸಾಲದು. ಮೇಲೇಳಲು ಜಾಸ್ತಿ ದೂರ ಓಡಬೇಕು. ಅದಕ್ಕೇ ಎಲ್ಲರೂ ಬೆಳ್ಳಂಬೆಳಿಗ್ಗೆ ಹಾರುತ್ತಾರೆ. ಮಧ್ಯಾಹ್ನ ಕಣಿವೆಗಳಲ್ಲಿ ಗಾಳಿ ಏಳುತ್ತದೆ, ಗುಡುಗೂ ಬರಬಹುದು.

ಚೇಂಬರ್ಲೇನ್ ಪರವಾಗಿಲ್ಲ, ರನ್‌ವೇ ಉದ್ದ ಇದೆ. ನದಿಯಂಚಿನ ಕೆಲವು ರನ್‌ವೇಗಳು ಹಾಗಲ್ಲ. ಇಳಿಯುವುದು ಏರಿನ ಕಡೆಗೆ, ಹಾರುವುದು ಇಳಿಜಾರಿನ ಕಡೆಗೆ. ಒಂದು ಹಂತ ದಾಟಿದ ಮೇಲೆ 'ಬೇಡ, ಇನ್ನೊಂದು ಸುತ್ತು ಹಾಕಿ ಬರೋಣ' ಅನ್ನುವ ಹಾಗೇ ಇಲ್ಲ, ಎದುರಿಗೆ ಗುಡ್ಡ. ನಮ್ಮ ಪೈಲಟ್ ಕಣಿವೆಯ ನಡುವೆ ಹಾರುವುದು ಬಿಟ್ಟು ಬಲಗಡೆಯ ಬಂಡೆಗೆ ಒತ್ತಿ ಹೋಗುತ್ತಿದ್ದರು. ಕಿಟಕಿಯಲ್ಲಿ ಪೈನ್ ಮರದ ಒಂದೊಂದು ರೆಂಬೆಯೂ ಕಾಣುತ್ತಿತ್ತು. ನನಗೆ ಜೀವ ಬಾಯಿಗೆ ಬಂದಿತ್ತು. ಇಳಿದ ಮೇಲೆ ಕೇಳಿದೆ. ಒಂದು ಪಕ್ಕಕ್ಕೆ ಇದ್ದರೆ ತಿರುಗಿ ಬರಬೇಕಾದಾಗ ಕಣಿವೆಯ ಪೂರ್ತಿ ಅಗಲ ಸಿಗುತ್ತದೆ, ನಡುವೆ ಇದ್ದರೆ ಅರ್ಧವೇ ಅಂದರು. ನನಗೆ ಭಯ ತಂದಿದ್ದೇ ನನ್ನ ಜೀವ ಕಾಯುವ ಲೆಕ್ಕ ಆಗಿತ್ತು. ಇದನ್ನು ಮೊದಲೇ ತಿಳಿದು ಹತ್ತಿದರೆ ನಿಮಗೆ ಅರ್ಧ ಭಯ ಕಡಿಮೆ.

ಅರ್ಧ ಗಂಟೆ ಅಷ್ಟೇ. ವಿಮಾನ ಹೊರಟುಹೋದ ಮೇಲೆ ಬಂದ ಮೌನ ಇದೆಯಲ್ಲ, ಕಿವಿ ಗುಯ್ ಅನ್ನುತ್ತದೆ.

ವಾಪಸ್ ಬರುವಾಗ ವಿಮಾನ ಬೇಡ ಅನ್ನುವುದು ಹವಾಮಾನದ ಕಾರಣಕ್ಕೆ. ಮೋಡ ಕವಿದರೆ, ಕಾಡ್ಗಿಚ್ಚಿನ ಹೊಗೆ ತುಂಬಿದರೆ ಅವತ್ತು ವಿಮಾನ ಬರುವುದಿಲ್ಲ. ನಾಳೆಯೂ ಬರದೇ ಇರಬಹುದು. ನೀವು ಹೊರಗೆ ಬಂದು ದೊಡ್ಡ ವಿಮಾನ ಹಿಡಿಯಬೇಕಲ್ಲ, ಅದು ತಪ್ಪುತ್ತದೆ. ಹೋಗುವಾಗ ಒಂದು ದಿನ ತಡವಾದರೆ ಊರಲ್ಲೇ ಕೂತಿರುತ್ತೀರಿ, ನಷ್ಟ ಕಡಿಮೆ. ಕುದುರೆ ಹೊಗೆಯಲ್ಲೂ ನಡೆಯುತ್ತದೆ. ಆದರೆ ಬೆಂಕಿಯೇ ದಾರಿಗೆ ಬಂದರೆ ಅದೂ ಇಲ್ಲ. ಆಗಸ್ಟ್ ಬಿಟ್ಟು ಜುಲೈ ನಡುವೆ ಹೋಗಿ. ಸೊಳ್ಳೆ ಕಚ್ಚುತ್ತವೆ, ಕಚ್ಚಲಿ.

ಕುದುರೆ ವಿಷಯಕ್ಕೆ ಬರೋಣ. ಸಾಮಾನೆಲ್ಲ ಹೇಸರಗತ್ತೆಗಳ ಮೇಲೆ. ಬೆಳಿಗ್ಗೆ ಹೇರು ಕಟ್ಟುವುದನ್ನು ನೋಡಲೆಂದೇ ಬೇಗ ಏಳಬಹುದು. ಎಡಕ್ಕೊಂದು, ಬಲಕ್ಕೊಂದು ಚೀಲ. ಒಂದೊಂದನ್ನೂ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ ತೂಗುತ್ತಾರೆ. ಒಂದು ದಿನ ಎಡದ್ದು ಕೊಂಚ ಹಗುರವಾಯಿತು. ಹೇರು ಕಟ್ಟುವಾತ ಅತ್ತಿತ್ತ ನೋಡಿ ನನ್ನ ಕ್ಯಾಮೆರಾ ಚೀಲ ಕಿತ್ತುಕೊಂಡು ಅದಕ್ಕೆ ತುರುಕಿದರು. ಅವತ್ತಿಡೀ ಫೋಟೋ ಇಲ್ಲ. ತೂಕ ಒಂದು ಕಡೆಗೆ ವಾಲಿದರೆ ಜೀನು ಜಾರುತ್ತದೆ, ಪ್ರಾಣಿಯ ಬೆನ್ನು ತರಚಿ ಹುಣ್ಣಾಗುತ್ತದೆ. ವಿಮಾನದಲ್ಲೂ ತಕ್ಕಡಿ, ಇಲ್ಲೂ ತಕ್ಕಡಿ.

ಕುದುರೆಗೆ ಕೊಡುವ ಹುಲ್ಲಿಗೂ ನಿಯಮ ಇದೆ. ಕಳೆಬೀಜ ಇಲ್ಲ ಅಂತ ಪ್ರಮಾಣಪತ್ರ ಇರುವ ಮೇವನ್ನೇ ತರಬೇಕು. ಇಲ್ಲದಿದ್ದರೆ ಲದ್ದಿಯ ಜೊತೆ ಹೊರಗಿನ ಕಳೆ ಕಾಡಲ್ಲಿ ಹುಟ್ಟುತ್ತದೆ. ರಾತ್ರಿ ಕುದುರೆಗಳನ್ನು ನೇರವಾಗಿ ಮರಕ್ಕೆ ಕಟ್ಟುತ್ತಿರಲಿಲ್ಲ. ಎರಡು ಮರಗಳ ನಡುವೆ ಎತ್ತರದಲ್ಲಿ ಹಗ್ಗ ಎಳೆದು ಅದಕ್ಕೆ ಕಟ್ಟುತ್ತಿದ್ದರು. ಮರಕ್ಕೇ ಕಟ್ಟಿದರೆ ಗೊರಸಿನಿಂದ ಕೆದರಿ ಕೆದರಿ ಬೇರು ಹೊರಗೆ ತೆಗೆದುಬಿಡುತ್ತವಂತೆ.

ಸವಾರಿ ಬರುವುದಿಲ್ಲ ಅನ್ನುವುದು ದೊಡ್ಡ ತೊಂದರೆ ಅಲ್ಲ. ಅವು ಸಾಲಾಗಿ ನಡೆಯುತ್ತವೆ, ಓಡುವ ಪ್ರಶ್ನೆಯೇ ಇಲ್ಲ. ಕಡಿದಾದ ಅಂಚಿನಲ್ಲಿ ಲಗಾಮು ಎಳೆದು ಕುದುರೆಗೆ ಬುದ್ಧಿ ಹೇಳಲು ಹೋಗಬೇಡಿ. ಎಲ್ಲಿ ಕಾಲಿಡಬೇಕು ಅಂತ ಅದಕ್ಕೆ ಗೊತ್ತು. ನಾನು ಹಾಳಾಗಿದ್ದು ಬೇರೆ ಕಡೆ. ಮೊದಲ ದಿನ ರಿಕಾಪು, ಅಂದರೆ ಪಾದ ಇಡುವ ಬಳೆ, ನನಗೆ ಗಿಡ್ಡವಾಗಿತ್ತು. ಹೇಳಲು ಸಂಕೋಚ. ಆರು ಗಂಟೆ ಮಂಡಿ ಮಡಚಿಕೊಂಡೇ ಕೂತಿದ್ದೆ. ಸಂಜೆ ಇಳಿಯಲು ಹೋದವನು ಕಾಲು ನಿಲ್ಲದೆ ಹುಲ್ಲಿನ ಮೇಲೆ ಕೂತುಬಿಟ್ಟೆ. ಕುದುರೆ ಕತ್ತು ತಿರುಗಿಸಿ ಒಂದು ಸಲ ನೋಡಿ ಮೇಯಲು ಹೋಯಿತು. ಮಾರನೇ ದಿನ ಎರಡು ತೂತು ಇಳಿಸಿ ಕಟ್ಟಿದ ಮೇಲೆ ಎಲ್ಲ ಸರಿಹೋಯಿತು.

ಬುಕ್ ಮಾಡುವ ಮೊದಲು ಗೈಡ್ ಹತ್ತಿರ ಐಡಾಹೊ ರಾಜ್ಯದ ಲೈಸೆನ್ಸ್ ಇದೆಯಾ ಕೇಳಿ. ಒಳಗೆ ಮೊಬೈಲ್ ಸಿಗ್ನಲ್ ನಂಬಬೇಡಿ, ಸ್ಯಾಟಲೈಟ್ ಮೆಸೆಂಜರ್, ಅಂದರೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ, ಒಂದು ಇರಲಿ. ಹಿಮ್ಮಡಿ ಇರುವ ಬೂಟೇ ಬೇಕು, ಓಡುವ ಶೂ ಆದರೆ ಪಾದ ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಜೀನಿನ ಮೇಲೆ ಕೂತು ಕಾಲು ಸಡಿಲ ಬಿಟ್ಟಾಗ ರಿಕಾಪಿನ ತಳ ಪಾದದ ಮೇಲಿನ ಗಂಟಿಗೆ ತಾಗಬೇಕು. ಅದಕ್ಕಿಂತ ಮೇಲಿದ್ದರೆ ಸಂಕೋಚ ಪಡದೆ ಅಲ್ಲೇ ಹೇಳಿ. ಮತ್ತೆ ತೂಕ ಕೇಳಿದಾಗ ನಿಜ ಹೇಳಿ, ಹೇಗೂ ತಕ್ಕಡಿ ಇದೆ.