ನಿರಂತರ ಶಿಕ್ಷಣ ವಿಭಾಗದಿಂದ ವಿಶ್ವವಿದ್ಯಾಲಯ ಬದಲಾವಣೆಗೆ ಹೊಂದಿಕೊಳ್ಳುವುದು ಹೇಗೆ?

ಕೆಲಸದಲ್ಲಿರುವವರಿಗೆ ಸಂಜೆ, ವಾರಾಂತ್ಯ ಅಥವಾ ಆನ್‌ಲೈನ್‌ನಲ್ಲಿ ಕಲಿಸುವ ವಿಭಾಗ ಇದು. ಹೊರಗಿನ ಬದಲಾವಣೆಯ ಬಿಸಿ ವಿಶ್ವವಿದ್ಯಾಲಯಕ್ಕೆ ಮೊದಲು ತಟ್ಟುವುದು ಇಲ್ಲೇ. ಹಗಲಿಡೀ ಆಸ್ಪತ್ರೆಯಲ್ಲಿ ದುಡಿದ ನರ್ಸ್ ಒಬ್ಬರು ಸಂಜೆ ಕ್ಲಾಸಿಗೆ ಬಂದು, "ಸರ್, ನಮ್ಮಲ್ಲಿ ಈಗ ಕೇಸ್ ಶೀಟ್ ಎಲ್ಲ ಕಂಪ್ಯೂಟರ್‌ನಲ್ಲೇ, ನೀವು ಇನ್ನೂ ಹಳೇದೇ ಹೇಳ್ತಿದ್ದೀರಲ್ಲ?" ಅಂತ ಕೇಳಿದರೆ ಪಾಠ ಬದಲಿಸಲೇಬೇಕು, ಅಲ್ವಾ? ಎಷ್ಟೋ ಸಮಿತಿ ವರದಿಗಳಿಗಿಂತ ಆ ಒಂದು ಪ್ರಶ್ನೆಗೆ ಬೆಲೆ ಜಾಸ್ತಿ ಅಂತ ನಾನು ನಂಬುತ್ತೇನೆ.

ಇನ್ನೊಂದು, ಪ್ರಯೋಗ ಮಾಡುವ ಅನುಕೂಲ. ಹೊಸ ಪದವಿ ಶುರು ಮಾಡಲು ತುಂಬಾ ಸಮಯ ಬೇಕು. ಎಂಟು ವಾರದ ಸರ್ಟಿಫಿಕೇಟ್ ಕೋರ್ಸ್ ಹಾಗಲ್ಲ. ಜನ ಬಂದರೆ ಬೆಳೆಸಬಹುದು, ಬರದಿದ್ದರೆ ನಿಲ್ಲಿಸಬಹುದು. 1873ರಲ್ಲೇ ಕೇಂಬ್ರಿಜ್ ವಿಶ್ವವಿದ್ಯಾಲಯ ತನ್ನ ಉಪನ್ಯಾಸಗಳನ್ನು ಬೇರೆ ಊರುಗಳಿಗೆ ಕೊಂಡೊಯ್ದಿತ್ತು. ಹಾಗೆ ಪಾಠ ನಡೆದ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿನಲ್ಲಿ ಮುಂದೆ ಕಾಲೇಜು ಬಂತು, 1948ರಲ್ಲಿ ಆ ಕಾಲೇಜೇ ವಿಶ್ವವಿದ್ಯಾಲಯವಾಯಿತು.

ಆದರೆ ಸುಮ್ನೆ ಫೀಸು ತರುವ ವಿಭಾಗ ಅಂತ ಬದಿಗಿಟ್ಟರೆ ಇದ್ಯಾವುದೂ ಆಗುವುದಿಲ್ಲ. ಅಲ್ಲಿ ಕಲಿಸುವವರಿಗೆ ಪಠ್ಯಕ್ರಮ ಸಮಿತಿಯಲ್ಲೂ ಜಾಗ ಕೊಡಬೇಕು. ಸರ್ಟಿಫಿಕೇಟ್‌ನ ಕ್ರೆಡಿಟ್, ಅಂದರೆ ಕೋರ್ಸ್ ಮುಗಿಸಿದ್ದಕ್ಕೆ ಸಿಗುವ ಕಲಿಕೆಯ ಲೆಕ್ಕ, ಮುಂದೆ ಪದವಿಗೂ ಲೆಕ್ಕಕ್ಕೆ ಬರಬೇಕು.